ನೀರನ್ನು ಎಣಿಸಿದವರು ಯಾರು?

ಏಪ್ರಿಲ್ ತಿಂಗಳ ಒಂದು ಸಂಜೆ ನನ್ನ ತಂಗಿ ಫೋನ್ ಮಾಡಿದಳು. "ಅಣ್ಣಾ, ಇವನು ಕೆಮಿಸ್ಟ್ರೀಲಿ ಫೇಲಾಗಿಬಿಟ್ಟಿದ್ದಾನೆ" ಎಂದವಳೇ ಅಳಲು ಶುರು ಮಾಡಿದಳು. 'ಇವನು' ಎಂದರೆ ನನ್ನ ಸೋದರಳಿಯ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನೂರಕ್ಕೆ ತೊಂಬತ್ತಾರು ತೆಗೆದು, ಬೀದಿಗೆಲ್ಲ ಸಿಹಿ ಹಂಚುವಂತೆ ಮಾಡಿದ್ದ ಹುಡುಗ. ಮೊದಲನೇ ಪಿಯುಸಿಯಲ್ಲಿ ರಸಾಯನಶಾಸ್ತ್ರದಲ್ಲಿ ಮುಗ್ಗರಿಸಿದ್ದ. ಅವರಪ್ಪ ಆಗಲೇ ಎರಡು ತೀರ್ಮಾನ ಮಾಡಿ ಮುಗಿಸಿದ್ದರು. ಒಂದು, ಪೂರಕ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ವಿಜ್ಞಾನ ಬಿಡಿಸಿ ಕಾಮರ್ಸಿಗೆ ಹಾಕುವುದು. ಎರಡು, ಅಲ್ಲಿಯವರೆಗೆ ಯಾರೂ ಅವನೊಂದಿಗೆ ಮಾತನಾಡಬಾರದು.

"ಹದಿನೈದು ದಿನ ನಿನ್ನ ಹತ್ತಿರ ಇಟ್ಟುಕೋ ಅಣ್ಣಾ. ಬೇಸಿಕ್ಸ್ ಒಂದು ಸಲ ರಿವಿಜನ್ ಮಾಡಿಸು ಸಾಕು" ಎಂದಳು.

ನಾನು ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವವನು. ಬೇಸಿಕ್ಸ್ ತಾನೇ, ಅದೇನು ಮಹಾ ಎಂದುಕೊಂಡೆ.

ಹುಡುಗ ಬಂದ. ಒಂದು ಚೀಲದಲ್ಲಿ ಬಟ್ಟೆ, ಎರಡು ಚೀಲದಲ್ಲಿ ಗೈಡುಗಳು. ಮೊದಲ ದಿನ ಸುಮ್ಮನೆ ಪರೀಕ್ಷಿಸೋಣವೆಂದು "ಮೋಲ್ ಎಂದರೇನಪ್ಪ?" ಎಂದೆ. ಒಂದೇ ಉಸಿರಿಗೆ ವ್ಯಾಖ್ಯೆ ಒಪ್ಪಿಸಿದ. ಸಂಖ್ಯೆಯನ್ನೂ ಹೇಳಿದ. ತಪ್ಪಿಲ್ಲ. "ಸರಿ, ಒಂದು ಮೋಲ್ ನೀರು ಎಂದರೆ ಎಷ್ಟಿರುತ್ತೆ? ಕೈಯಲ್ಲಿ ತೋರಿಸು" ಎಂದೆ. ಅವನು ಮುಖ ಮುಖ ನೋಡಿದ. ಸ್ವಲ್ಪ ಹೊತ್ತು ಯೋಚಿಸಿ, "ಒಂದು ಟ್ಯಾಂಕರ್ ಇರಬಹುದಾ ಮಾವ?" ಎಂದ.

602ರ ಮುಂದೆ 21 ಸೊನ್ನೆ ಇರುವ ಸಂಖ್ಯೆ ಕೇಳಿದವನಿಗೆ ಟ್ಯಾಂಕರ್ ನೆನಪಾದರೆ ಅದು ಅವನ ತಪ್ಪಲ್ಲ. ನಾನು ಅಡಿಗೆಮನೆಯಿಂದ ಟೀ ಚಮಚ ತಂದು ಲೋಟಕ್ಕೆ ಮೂರೂವರೆ ಚಮಚ ನೀರು ಹಾಕಿದೆ. ಸುಮಾರು 18 ಗ್ರಾಂ. "ಇಷ್ಟೇ" ಎಂದೆ. ಲೋಟದ ತಳದಲ್ಲಿದ್ದ ಆ ನೀರನ್ನು ಅವನು ಬಗ್ಗಿ ನೋಡಿದ ರೀತಿಯಲ್ಲೇ ನನಗೆ ಅರ್ಥವಾಯಿತು. ಈ ಹುಡುಗನಿಗೆ ಪಾಠವೆಲ್ಲ ಬಾಯಿಗೆ ಬರುತ್ತದೆ. ಆದರೆ ಅದರಲ್ಲಿ ಒಂದೂ ಪದಾರ್ಥವನ್ನು ಮುಟ್ಟಿಲ್ಲ.

ಇನ್ನೊಂದು ತೊಡಕೂ ಇತ್ತು. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ, ಪಿಯುಸಿಗೆ ಬಂದೊಡನೆ ಎಲ್ಲವೂ ಇಂಗ್ಲಿಷು. ನಮ್ಮ ಪಠ್ಯದಲ್ಲಿ ಆಟಂ ಎಂದರೆ ಪರಮಾಣು, ಮಾಲಿಕ್ಯೂಲ್ ಎಂದರೆ ಅಣು. ಆದರೆ ಪತ್ರಿಕೆಯಲ್ಲಿ ಆಟಂ ಬಾಂಬಿಗೆ 'ಅಣುಬಾಂಬು' ಎಂದೇ ಬರೆಯುತ್ತಾರೆ. ಹೀಗಾಗಿ ಹುಡುಗ ಆಟಂ ಎಂದರೆ ಅಣು ಎಂದುಕೊಂಡು, ಮಾಲಿಕ್ಯೂಲ್ ಎಂದರೆ ಇನ್ನೇನೋ ಎಂದುಕೊಂಡು ಒಂದು ವರ್ಷ ಕಳೆದಿದ್ದ. ಅಡಿಪಾಯದ ಎರಡು ಕಲ್ಲೇ ಅದಲುಬದಲಾದರೆ ಗೋಡೆ ನೆಟ್ಟಗೆ ನಿಲ್ಲುವುದು ಹೇಗೆ?

ಮೂರನೆಯ ದಿನ ರಾತ್ರಿ ಊಟಕ್ಕೆ ಕೂತಿದ್ದೆವು. ಸಾರು ಕಲಸುತ್ತಾ ಅವನು ಕೇಳಿದ: "ಮಾವ, ನೀರು ಎಚ್ ಟೂ ಓ ಅಂತಾರಲ್ಲ, ಅದರಲ್ಲಿ ಹೈಡ್ರೋಜನ್ ಎರಡೇ ಇದೆ, ಆಕ್ಸಿಜನ್ ಒಂದೇ ಇದೆ ಅಂತ ಯಾರು ಎಣಿಸಿ ನೋಡಿದರು? ಕಣ್ಣಿಗೆ ಕಾಣಲ್ವಲ್ಲ?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪ್ರಶ್ನೆ ಕಷ್ಟದ್ದೆಂದಲ್ಲ. ಇದೇ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಕೇಳಿದ್ದೆ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾನು ಹೊಸ ಮೇಷ್ಟ್ರು. ಒಂಬತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೀಗೆಯೇ ಕೇಳಿದ. ನಾನು ತಡಮಾಡಲಿಲ್ಲ. "ನಿಮ್ಮ ತಾತ ಎಣಿಸಿಟ್ಟು ಹೋಗಿದ್ದಾರೆ, ಬರೆದುಕೊಳ್ಳಯ್ಯಾ" ಎಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅವನೂ ಹಲ್ಲುಕಿರಿದು ಕೂತ. ಪಾಠ ಮುಂದುವರಿಯಿತು. ಆ ಹುಡುಗ ಆಮೇಲೆ ನನ್ನ ತರಗತಿಯಲ್ಲಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ನಿಜ ಹೇಳಬೇಕೆಂದರೆ, ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಡಿಗ್ರಿ ಓದುವಾಗ ನಾನೂ ಕೇಳಿರಲಿಲ್ಲ, ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ತಮಾಷೆ ಮಾಡಿದೆ, ಅಷ್ಟೆ.

ಈ ಸಲ ತಮಾಷೆ ಬರಲಿಲ್ಲ. "ನಾಳೆ ಹೇಳ್ತೀನಿ ಕಣೋ" ಎಂದೆ. ರಾತ್ರಿ ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳನ್ನು ಇಳಿಸಿ ಧೂಳು ಕೊಡವಿ ಕೂತೆ. ಓದುತ್ತಾ ಹೋದಂತೆ ಒಂದು ಸಮಾಧಾನವೂ ಆಯಿತು, ಒಂದು ಸಂಕಟವೂ ಆಯಿತು. ಸಮಾಧಾನ ಏಕೆಂದರೆ, ಆ ಪ್ರಶ್ನೆಗೆ ಉತ್ತರಿಸಲು ಯೂರೋಪಿನ ಘಟಾನುಘಟಿಗಳಿಗೇ ಐವತ್ತು ವರ್ಷ ಹಿಡಿದಿತ್ತು. ಸಂಕಟ ಏಕೆಂದರೆ, ಅಂಥ ಪ್ರಶ್ನೆಗೆ ನಾನು ತರಗತಿಯನ್ನು ನಗಿಸಿದ್ದೆ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಹುಡುಗನಿಗೆ ಕಥೆ ಹೇಳಿದೆ. ಮೊದಲು ಬರುವವನು ಫ್ರಾನ್ಸಿನ ಲಾವಾಸಿಯೆ. ಅವನ ದೊಡ್ಡ ಆಯುಧ ತಕ್ಕಡಿ. ಸೌದೆ ಉರಿದು ಬೂದಿಯಾದರೆ ತೂಕ ಕಡಿಮೆಯಾದಂತೆ ಕಾಣುತ್ತದೆ. ಆದರೆ ಹೊರಗೆ ಹೋದ ಹೊಗೆ, ಅನಿಲ, ಒಳಗೆ ಬಂದ ಗಾಳಿ ಎಲ್ಲವನ್ನೂ ಹಿಡಿದು ತೂಗಿದರೆ ಒಟ್ಟು ತೂಕ ಬದಲಾಗುವುದಿಲ್ಲ. ಇದೇ ದ್ರವ್ಯರಾಶಿ ಸಂರಕ್ಷಣೆಯ ನಿಯಮ. ನಾವು ಸಮೀಕರಣವನ್ನು ಎರಡೂ ಕಡೆ ಸರಿದೂಗಿಸುವುದು ಇದಕ್ಕಾಗಿಯೇ ಹೊರತು ಮಾರ್ಕಿನ ಸಲುವಾಗಿ ಅಲ್ಲ.

ಲಾವಾಸಿಯೆ ಇಟ್ಟ ಹೆಸರುಗಳು ನಮ್ಮ ಕನ್ನಡದಲ್ಲೂ ಉಳಿದಿವೆ. ಹೈಡ್ರೋಜನ್ ಎಂದರೆ ನೀರನ್ನು ಹುಟ್ಟಿಸುವುದು, ಆದ್ದರಿಂದ ಜಲಜನಕ. ಆಕ್ಸಿಜನ್ ಎಂದರೆ ಆಮ್ಲವನ್ನು ಹುಟ್ಟಿಸುವುದು, ಆದ್ದರಿಂದ ಆಮ್ಲಜನಕ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದ್ದೇ ಇರುತ್ತದೆ ಎಂದು ಅವನು ನಂಬಿದ್ದ. ಅದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ. ತಪ್ಪು ತಿಳಿದ ಮೇಲೂ ಹೆಸರು ಮಾತ್ರ ಉಳಿದುಕೊಂಡಿತು. "ಅಷ್ಟು ದೊಡ್ಡವರೂ ತಪ್ಪು ಮಾಡಿದ್ರಾ?" ಎಂದು ಹುಡುಗ ಮೊದಲ ಬಾರಿಗೆ ನಕ್ಕ.

ಆಮೇಲೆ ಇಂಗ್ಲೆಂಡಿನ ಡಾಲ್ಟನ್. ಅವನೂ ನಮ್ಮ ಹಾಗೆ ಶಾಲಾ ಮೇಷ್ಟ್ರು. 1808ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಒಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವು, ಬೇರೆ ಬೇರೆ ಧಾತುಗಳ ಪರಮಾಣುಗಳ ತೂಕ ಬೇರೆ ಬೇರೆ ಎಂದ. ನೀರಿನಲ್ಲಿ ಎಷ್ಟೆಷ್ಟು ಎಂಬ ಪ್ರಶ್ನೆ ಬಂದಾಗ, ತೀರಾ ಸರಳವಾಗಿ ಒಂದಕ್ಕೆ ಒಂದು ಎಂದು ಭಾವಿಸಿದ. ಅಂದರೆ ನೀರು ಬರೀ 'ಎಚ್ ಓ'! ಅಳತೆ ಮಾಡಿದರೆ 1 ಗ್ರಾಂ ಹೈಡ್ರೋಜನ್ನಿಗೆ 8 ಗ್ರಾಂ ಆಕ್ಸಿಜನ್ ಸೇರಿ ನೀರಾಗುತ್ತದೆ. ಒಂದಕ್ಕೆ ಒಂದು ಎಂದಾದರೆ ಆಕ್ಸಿಜನ್ ಪರಮಾಣು ಹೈಡ್ರೋಜನ್ನಿನ 8ರಷ್ಟು ಭಾರ. ಎರಡಕ್ಕೆ ಒಂದು ಎಂದಾದರೆ 16ರಷ್ಟು ಭಾರ. ಎಣಿಕೆ ಗೊತ್ತಿಲ್ಲದೆ ತೂಕ ಗೊತ್ತಾಗದು, ತೂಕ ಗೊತ್ತಿಲ್ಲದೆ ಎಣಿಕೆ ಗೊತ್ತಾಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಹಾಗೆ!

ಗಂಟು ಬಿಡಿಸಿದ್ದು ಅನಿಲಗಳು. ಫ್ರಾನ್ಸಿನ ಗೇ ಲುಸಾಕ್ ಎಂಬಾತ ಅಳೆದು ತೋರಿಸಿದ: 2 ಲೋಟ ಹೈಡ್ರೋಜನ್, 1 ಲೋಟ ಆಕ್ಸಿಜನ್ ಸೇರಿದರೆ 2 ಲೋಟ ನೀರಾವಿ. 1811ರಲ್ಲಿ ಇಟಲಿಯ ಅವಗಾಡ್ರೊ, ಒಂದೇ ಶಾಖ, ಒಂದೇ ಒತ್ತಡದಲ್ಲಿ ಯಾವ ಅನಿಲವೇ ಆಗಲಿ, ಸಮ ಲೋಟದಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದ. ಈಗ ಲೆಕ್ಕ ಮಾಡೋಣ. ಸುಲಭಕ್ಕೆ ಒಂದು ಲೋಟಕ್ಕೆ 100 ಅಣು ಎಂದಿಟ್ಟುಕೊಳ್ಳಿ. ಆಕ್ಸಿಜನ್ ಅಣು 100, ಆದದ್ದು ನೀರಿನ ಅಣು 200. ಪ್ರತಿ ನೀರಿನ ಅಣುವಿಗೂ ಆಕ್ಸಿಜನ್ ಬೇಕಲ್ಲ? 100ನ್ನು 200 ಜನಕ್ಕೆ ಹಂಚಬೇಕಾದರೆ ಒಂದೊಂದನ್ನೂ ಮುರಿದು ಅರ್ಧರ್ಧ ಕೊಡಬೇಕು. ಅಂದರೆ ಆಕ್ಸಿಜನ್ ಅಣು ಎರಡು ಪರಮಾಣುಗಳ ಜೋಡಿ. ಹಾಗೆಯೇ 1 ಲೋಟ ಹೈಡ್ರೋಜನ್, 1 ಲೋಟ ಕ್ಲೋರಿನ್ ಸೇರಿ 2 ಲೋಟ ಹೈಡ್ರೋಜನ್ ಕ್ಲೋರೈಡ್ ಆಗುವುದರಿಂದ ಹೈಡ್ರೋಜನ್ನೂ ಜೋಡಿಯೇ. 200 ನೀರಿನ ಅಣುವಿಗೆ 200 ಹೈಡ್ರೋಜನ್ ಜೋಡಿ. ತಲಾ ಒಂದು ಜೋಡಿ. ಜೋಡಿ ಹೈಡ್ರೋಜನ್, ಅರ್ಧ ಜೋಡಿ ಆಕ್ಸಿಜನ್. ಎಚ್ ಟೂ ಓ!

ಯಾರೂ ಕಣ್ಣಿನಿಂದ ನೋಡಿ ಎಣಿಸಲಿಲ್ಲ. ಲೋಟದಿಂದ ಅಳೆದು, ತಕ್ಕಡಿಯಲ್ಲಿ ತೂಗಿ, ತಲೆಯಿಂದ ಎಣಿಸಿದರು.

ಆದರೆ ಅವಗಾಡ್ರೊನ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು 1856ರಲ್ಲಿ ತೀರಿಕೊಂಡ. 1858ರಲ್ಲಿ ಜಿನೋವಾದಲ್ಲಿ ಪಾಠ ಹೇಳುತ್ತಿದ್ದ ಕಾನಿಜಾರೊ, ವಿದ್ಯಾರ್ಥಿಗಳಿಗೆ ತಾನು ರಸಾಯನಶಾಸ್ತ್ರವನ್ನು ಹೇಗೆ ಕ್ರಮವಾಗಿ ಕಲಿಸುತ್ತೇನೆ ಎಂದು ಒಂದು ಬರಹ ಪ್ರಕಟಿಸಿದ. ಅದರಲ್ಲಿ ಅವಗಾಡ್ರೊನ ಮಾತನ್ನೇ ಅಡಿಪಾಯ ಮಾಡಿಕೊಂಡು ಎಲ್ಲ ತೂಕಗಳನ್ನೂ ಸರಿಪಡಿಸಿದ್ದ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂ ನಗರದಲ್ಲಿ ರಸಾಯನ ವಿಜ್ಞಾನಿಗಳು ಸೇರಿದಾಗ ಆ ಬರಹದ ಪ್ರತಿಗಳನ್ನು ಹಂಚಲಾಯಿತು. ಆ ಸಭೆಯಲ್ಲಿ ಕೂತಿದ್ದ 26 ವರ್ಷದ ರಷ್ಯದ ತರುಣ ಮೆಂಡಲೀವ್, ಸರಿಯಾದ ತೂಕಗಳನ್ನು ಇಟ್ಟುಕೊಂಡು 1869ರಲ್ಲಿ ಆವರ್ತ ಕೋಷ್ಟಕ ರಚಿಸಿದ. ಇಂದು ಅದರಲ್ಲಿ 118 ಧಾತುಗಳಿವೆ. ನೋಡಿ, ನಾವು ಬೇರೆ ಬೇರೆ ಅಧ್ಯಾಯಗಳೆಂದು ಓದುವುದೆಲ್ಲ ಒಂದೇ ಬಳ್ಳಿಯ ಕಾಯಿಗಳು. ಈ ಬಳ್ಳಿಗೆ ನೀರೆರೆದವನು ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ಹೇಳಬೇಕೆಂದು ಹಟ ಹಿಡಿದ ಒಬ್ಬ ಮೇಷ್ಟ್ರು ಎಂಬುದು ನನಗೆ ಸುಮಾರು ಹೊತ್ತು ಮನಸ್ಸಿನಲ್ಲೇ ಉಳಿಯಿತು.

ಇನ್ನು ಮೋಲ್. ಅದಕ್ಕೆ ಅಡಿಗೆಮನೆಯ ಡಬ್ಬಗಳನ್ನು ಕೆಳಗಿಳಿಸಿದೆವು. ಮಾವ ಅಳಿಯ ಕೂತು 500 ಹೆಸರುಕಾಳು, 500 ಕಡಲೆಕಾಳು ಎಣಿಸಿದೆವು. "ಕಾಳು ಎಣಿಸೋಕೆ ಬಿ.ಎಸ್ಸಿ. ಬೇರೆ ಓದಬೇಕಿತ್ತಾ?" ಎಂದು ನನ್ನಾಕೆ ಗೊಣಗಿದಳು. ತೂಗಿದೆವು. ಹೆಸರುಕಾಳು 20 ಗ್ರಾಂ, ಕಡಲೆಕಾಳು 90 ಗ್ರಾಂ. ಅಂದರೆ ಕಡಲೆ ನಾಲ್ಕೂವರೆ ಪಟ್ಟು ಭಾರ. "ಈಗ ನಾನು 1 ಕಿಲೋ ಹೆಸರುಕಾಳು ಕೊಡ್ತೀನಿ. ಅಷ್ಟೇ ಸಂಖ್ಯೆಯ ಕಡಲೆಕಾಳು ಬೇಕು. ಎಣಿಸುವ ಹಾಗಿಲ್ಲ" ಎಂದೆ. ಹುಡುಗ ಥಟ್ಟನೆ "ನಾಲ್ಕೂವರೆ ಕಿಲೋ ತೂಗಿದರಾಯ್ತು" ಎಂದ. ಎರಡು ಕ್ಷಣ ಬಿಟ್ಟು ತಾನೇ ಹೇಳಿದ: "ಮಾವ, ಹಾಗಾದ್ರೆ 1 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ತೂಗಿದ್ರೆ ಪರಮಾಣು ಅಷ್ಟಷ್ಟೇ ಇರುತ್ತೆ. ಅದೇ ಮೋಲಾ?"

ಅದೇ ಮೋಲ್. ತೂಗಿ ಎಣಿಸುವ ಉಪಾಯ, ಅಷ್ಟೆ. ಡಜನ್ ಎಂದರೆ 12 ಎಂಬಂತೆ ಮೋಲ್ ಎಂಬುದೂ ಒಂದು ಎಣಿಕೆ. ತಂದೆತಾಯಂದಿರು ಓದಿದ ಕಾಲದಲ್ಲಿ ಅದನ್ನು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂದು ಹೇಳುತ್ತಿದ್ದರು. 2019ರ ಮೇ 20ರಿಂದ ಆ ವ್ಯಾಖ್ಯೆ ಬದಲಾಗಿದೆ, ಈಗ 6.02214076ನ್ನು 10ರ 23ನೇ ಘಾತದಿಂದ ಗುಣಿಸಿದರೆ ಬರುವ ಸಂಖ್ಯೆಯೇ ಮೋಲ್ ಎಂದು ನಿಗದಿಯಾಗಿದೆ. ಮನೆಯಲ್ಲಿ ಹಳೆಯ ಪುಸ್ತಕ ಹಿಡಿದು ಹೇಳಿಕೊಡುವವರು ಇದನ್ನು ಗಮನಿಸಬೇಕು.

ಸಮೀಕರಣ ಸರಿದೂಗಿಸುವಾಗ ಹುಡುಗ ಕೆಳಗಿನ ಅಂಕಿಗಳನ್ನೂ ಮನಬಂದಂತೆ ತಿದ್ದುತ್ತಿದ್ದ. ಮುಂದಿನ ಅಂಕಿ ನಮ್ಮ ಕೈಯಲ್ಲಿದೆ, ಕೆಳಗಿನ ಅಂಕಿ ಪದಾರ್ಥದ ಗುಣದಲ್ಲಿದೆ ಎಂದೆ. ನೀರಿನ ಆಕ್ಸಿಜನ್ನಿಗೆ ಕೆಳಗೆ 2 ಎಂದು ಬರೆದರೆ ಅದು ನೀರಾಗಿ ಉಳಿಯುವುದಿಲ್ಲ, ಗಾಯಕ್ಕೆ ಹಾಕಿದರೆ ನೊರೆಯುಕ್ಕುವ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದನ್ನು ಲೋಟದಲ್ಲಿ ಕೊಟ್ಟರೆ ಕುಡಿಯುತ್ತೀಯಾ ಎಂದು ಕೇಳಿದ ಮೇಲೆ ಆ ತಪ್ಪು ಮತ್ತೆ ಬರಲಿಲ್ಲ.

ಇಷ್ಟಾದ ಮೇಲೆ ನೀರನ್ನು ಒಡೆದೇ ತೋರಿಸೋಣ ಎನ್ನಿಸಿತು. ಅದಕ್ಕೆ 9 ವೋಲ್ಟಿನ ಬ್ಯಾಟರಿ ಬೇಕಿತ್ತು. ಬಸ್ ಸ್ಟ್ಯಾಂಡ್ ಬಳಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಕೂತಿದ್ದವನು ಎದ್ದು ನಿಂತು ನಮಸ್ಕಾರ ಮಾಡಿದ. ನೋಡಿದರೆ ಅದೇ ಕೊನೆಯ ಬೆಂಚಿನ ಹುಡುಗ! ಊರಿನಲ್ಲೇ ಅಂಗಡಿ ಇಟ್ಟುಕೊಂಡಿದ್ದಾನೆಂದು ಗೊತ್ತಿತ್ತು, ಆದರೆ ಆ ದಿನದವರೆಗೆ ಅವನನ್ನೂ ಆ ಪ್ರಶ್ನೆಯನ್ನೂ ಜೋಡಿಸಿ ನೋಡಿರಲಿಲ್ಲ. ಹಣೆಯ ಮೇಲೆ ಕೂದಲು ಹಿಂದೆ ಸರಿದಿದೆ.

"ಏನಕ್ಕೆ ಸಾರ್ ಬ್ಯಾಟರಿ?" ಎಂದ. ಹೇಳಿದೆ. ಸ್ವಲ್ಪ ಹಿಂಜರಿದು, "ನೀನೂ ಒಂದು ಸಲ ಇದನ್ನೇ ಕೇಳಿದ್ದೆ, ನೆನಪಿದೆಯಾ?" ಎಂದೆ.

ಅವನು ಬ್ಯಾಟರಿಯನ್ನು ಕವರಿಗೆ ಹಾಕುತ್ತಾ ಹೇಳಿದ: "ಏನು ಕೇಳಿದೆ ಅಂತ ನೆನಪಿಲ್ಲ ಸಾರ್. ಎಲ್ಲರೂ ನಕ್ಕಿದ್ದು ನೆನಪಿದೆ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟ. ನನಗೆ ಏನು ಹೇಳಬೇಕೆಂದು ತೋಚದೆ ಮನೆಗೆ ಬಂದೆ.

ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಎರಡು ತೂತು ಮಾಡಿ, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ ಸಿಗಿಸಿ ಮೇಣದಿಂದ ಮುಚ್ಚಿದೆವು. ನೀರಿಗೆ ಒಂದು ಚಮಚ ಅಡಿಗೆ ಸೋಡ. ಉಪ್ಪು ಹಾಕಬಾರದು, ವಿಷಕಾರಿ ಕ್ಲೋರಿನ್ ಬರುತ್ತದೆ. ಮನೆಯ ಕರೆಂಟಿಗಂತೂ ಕೈ ಹಚ್ಚಲೇಬಾರದು. ನೀರು ತುಂಬಿದ ಎರಡು ಪ್ರನಾಳಗಳನ್ನು ಪೆನ್ಸಿಲ್‌ಗಳ ಮೇಲೆ ಬೋರಲು ಹಾಕಿ ಬ್ಯಾಟರಿ ಜೋಡಿಸಿದೆವು. ಸಣ್ಣ ಗುಳ್ಳೆಗಳು ಏಳತೊಡಗಿದವು. ಅರ್ಧ ಗಂಟೆ ಬಿಟ್ಟು ಅಡ್ಡಪಟ್ಟಿ ಹಿಡಿದು ನೋಡಿದರೆ ಒಂದರಲ್ಲಿ 6 ಸೆಂಟಿಮೀಟರ್ ಅನಿಲ, ಇನ್ನೊಂದರಲ್ಲಿ 3ಕ್ಕಿಂತ ತುಸು ಕಡಿಮೆ. ಆಕ್ಸಿಜನ್ ಸ್ವಲ್ಪ ನೀರಿನಲ್ಲಿ ಕರಗುತ್ತದೆ, ಸ್ವಲ್ಪ ಪೆನ್ಸಿಲ್ಲಿನ ಕಡ್ಡಿಯನ್ನು ತಿನ್ನುತ್ತದೆ. ಆ ಕೊರತೆ ಅದರದ್ದು. ಹುಡುಗ ಅಡ್ಡಪಟ್ಟಿಯನ್ನು ಮತ್ತೆ ಮತ್ತೆ ಇಟ್ಟು ನೋಡಿದ. "ಎರಡಕ್ಕೆ ಒಂದು" ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಒಂದು ವರ್ಷ ಅವನು ಬರೆದ ಎಚ್ ಟೂ ಓದಲ್ಲಿ ಆ 'ಟೂ' ಅವತ್ತು ಅವನದಾಯಿತು.

ಮರುದಿನ ಸಂಜೆ ನಾನು ಮತ್ತೆ ಅಂಗಡಿಗೆ ಹೋದೆ. ಗಿರಾಕಿಗಳು ಕಡಿಮೆಯಿದ್ದರು. "ಒಂದೈದು ನಿಮಿಷ ಬಿಡುವಿದೆಯಾ? ಅವತ್ತಿನ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು" ಎಂದೆ. ಅವನು ತಬ್ಬಿಬ್ಬಾಗಿ ಸ್ಟೂಲು ಎಳೆದು ಕೂರಿಸಿದ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೋಟಗಳ ಚಿತ್ರ ಬರೆದು, 100 ಅಣುವಿನ ಲೆಕ್ಕ ಹೇಳಿದೆ. ಅರ್ಧದಲ್ಲೇ ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, "ಅಂದ್ರೆ ಇದು ಜೋಡಿ ಇರಲೇಬೇಕು ಸಾರ್, ಇಲ್ಲದಿದ್ರೆ ಹಂಚೋಕಾಗಲ್ಲ" ಎಂದು ಮುಂದಿನ ಹೆಜ್ಜೆ ತಾನೇ ಬರೆದ. ನಾನು ಸುಮ್ಮನೆ ನೋಡುತ್ತಿದ್ದೆ. ಒಂಬತ್ತನೇ ತರಗತಿಯಲ್ಲೂ ಇವನಿಗೆ ಇದು ಅರ್ಥವಾಗುತ್ತಿತ್ತು. ಆ ಅವಕಾಶ ಕಳೆದವನು ನಾನು. "ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ ಕಣಯ್ಯಾ, ಅದಕ್ಕೇ ನಗಿಸಿದೆ" ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಚಿಕ್ಕ ಮಾತು ಹೇಳಲು ಇಷ್ಟು ಕಷ್ಟವಾದದ್ದು ಇನ್ನೊಂದಿಲ್ಲ.

ಅಳಿಯ ಪೂರಕ ಪರೀಕ್ಷೆಯಲ್ಲಿ ಪಾಸಾದ. ಅಂಕ ಸಾಧಾರಣವೇ, ತಂಗಿಗೆ ಒಳಗೊಳಗೇ ಬೇಸರ. ಆದರೆ ಅವನು ವಿಜ್ಞಾನದಲ್ಲೇ ಉಳಿದಿದ್ದಾನೆ. ವಾರಕ್ಕೊಮ್ಮೆ ಫೋನ್ ಮಾಡಿ ಏನಾದರೊಂದು ಕೇಳುತ್ತಾನೆ. ಗೊತ್ತಿಲ್ಲದಿದ್ದರೆ "ನಾಳೆ ಹೇಳ್ತೀನಿ" ಎನ್ನುವುದನ್ನು ನಾನು ಕಲಿತಿದ್ದೇನೆ.

ವಿದ್ಯಾರ್ಥಿಗಳೇ, ರಿವಿಜನ್ ಮಾಡುವಾಗ ವ್ಯಾಖ್ಯೆಗಳನ್ನು ಇನ್ನೊಮ್ಮೆ ಓದುವುದರ ಜೊತೆಗೆ ಪ್ರತಿಯೊಂದರ ಮುಂದೆ 'ಇದು ಹೇಗೆ ಗೊತ್ತಾಯಿತು?' ಎಂದು ಬರೆದು ನೋಡಿ. ಮೊದಲ ಅಧ್ಯಾಯದಲ್ಲಿ ಇರುವುದು ನಾಲ್ಕೈದೇ ಮಾತು: ತೂಕ ಕಳೆಯುವುದಿಲ್ಲ, ಪದಾರ್ಥ ಕಣಗಳಿಂದ ಆಗಿದೆ, ಕಣಗಳು ಗೊತ್ತಾದ ಲೆಕ್ಕದಲ್ಲಿ ಕೂಡುತ್ತವೆ, ತೂಗಿ ಎಣಿಸಬಹುದು. ಉಳಿದದ್ದೆಲ್ಲ ಇವುಗಳ ಮೇಲೆ ಕಟ್ಟಿದ ಮಹಡಿ. ತಂದೆತಾಯಂದಿರೇ, ಮಕ್ಕಳು ಅಡಿಗೆಮನೆಯಲ್ಲಿ ಕಾಳು ಎಣಿಸುತ್ತಾ ಕೂತರೆ ಗದರಬೇಡಿ.

ಅಂಗಡಿಯಿಂದ ಹೊರಡುವಾಗ ಅವನು ಬಾಗಿಲವರೆಗೆ ಬಂದ. "ಸಾರ್, ಈ ಜೂನಿಗೆ ನನ್ನ ಮಗಳು ನಿಮ್ಮ ಶಾಲೆಗೇ ಎಂಟನೇ ಕ್ಲಾಸಿಗೆ ಸೇರ್ತಾಳೆ. ವಿಪರೀತ ಪ್ರಶ್ನೆ ಕೇಳ್ತಾಳೆ ಸಾರ್, ಸ್ವಲ್ಪ ನೋಡಿಕೊಳ್ಳಿ" ಎಂದ.

"ಕೇಳಲಿ ಬಿಡಪ್ಪ" ಎಂದೆ.